ನೌಕರನಾಮಾ

ನಮ್ಮ ಊರ ಕಡೆಯ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ, ‘ಯಜಮಾನರು’ ಅನ್ನುತ್ತಾರೆ. ಡೊಂಬಿವಲಿಯ ನಮ್ಮ ಎದುರುಮನೆಯ ಮರಾಠಿ ಅಜ್ಜಿ ತನ್ನ ಗಂಡನನ್ನು ‘ಆಮಚೇ ಮಾಲಕ’, ಅಂದರೆ ನಮ್ಮ ಮಾಲಕರು, ಅನ್ನುತ್ತಿದ್ದರು. ಅಮ್ಮ ಉಡುಪಿ ಕಡೆಯಿಂದ ಮದುವೆಯಾಗಿ ಇಲ್ಲಿಗೆ ಬಂದಾಗ ಮೊದಲು ಕಲಿತ ಮರಾಠಿ ವಾಕ್ಯ ಆ ಅಜ್ಜಿ ಹೇಳಿಕೊಟ್ಟದ್ದೇ: ‘ಮಾಲಕ ಘರೀ ನಾಹೀತ್.’ ಯಜಮಾನರು ಮನೆಯಲ್ಲಿಲ್ಲ. ಹಾಲಿನವನಿಗೆ, ಸೊಸೈಟಿಯ ಸೆಕ್ರೆಟರಿಗೆ, ಗಣಪತಿಯ ವಂತಿಗೆ ಕೇಳಲು ಬಂದವರಿಗೆ, ಎಲ್ಲರಿಗೂ ಅದೇ ಉತ್ತರ. ಹೀಗೆ ಮೂವತ್ತು ವರ್ಷ ‘ಮಾಲಕ ಇಲ್ಲ’ ಎಂದು ಬಾಗಿಲು ಹಾಕಿಕೊಂಡ ಅಮ್ಮನೇ ಅಸಲು ಮಾಲಕಿ ಎಂದು ಗೊತ್ತಾದಾಗ ನಮ್ಮ ಮನೆಯಲ್ಲಿ ಆದ ಗಮ್ಮತ್ತು ಇದೆಯಲ್ಲ, ಅದನ್ನು ನಾನೇ ಬರೆಯಬೇಕು. ಯಾಕೆಂದರೆ ಅದರಲ್ಲಿ ನನ್ನ ಪೆದ್ದುತನವೂ ಸಾಕಷ್ಟು ಉಂಟು.

ಅಪ್ಪನದು ಬಾರ್. ಸ್ಟೇಷನ್ನಿನಿಂದ ಹತ್ತು ನಿಮಿಷದ ದಾರಿ, ಹನ್ನೆರಡು ಟೇಬಲ್, ಸದ್ದು ಮಾಡುವ ನಾಲ್ಕು ಫ್ಯಾನ್. ಬೋರ್ಡಿನ ಮೇಲೆ ‘ಪರ್ಮಿಟ್ ರೂಮ್’ ಎಂದು ಬರೆದಿದೆ. ಮಹಾರಾಷ್ಟ್ರದಲ್ಲಿ ಬಾರಿಗೆ ಸರಕಾರ ಇಟ್ಟ ಮರ್ಯಾದೆಯ ಹೆಸರು ಅದು. ನಾವು ಸರಕಾರಕ್ಕಿಂತ ಮರ್ಯಾದೆಯವರು, ‘ಹೋಟೆಲ್’ ಅನ್ನುತ್ತಿದ್ದೆವು. ಶಾಲೆಯಲ್ಲಿ ಟೀಚರು ‘ನಿಮ್ಮ ಹೋಟೆಲಿನಲ್ಲಿ ಏನು ಸ್ಪೆಷಲ್?’ ಎಂದು ಕೇಳಿದಾಗ ನಾನು ‘ಇಡ್ಲಿ’ ಅಂದುಬಿಟ್ಟೆ. ಆ ಪುಣ್ಯಾತ್ಗಿತ್ತಿಗೆ ಇಡ್ಲಿಯೆಂದರೆ ಪ್ರಾಣ. ಭಾನುವಾರ ಮನೆಯವರನ್ನೆಲ್ಲ ಕರಕೊಂಡು ಬರುತ್ತೇನೆ ಅನ್ನುವುದು, ನಾನು ‘ಹಿಟ್ಟು ಹುಳಿ ಬಂದಿಲ್ಲ’, ‘ಅಡಿಗೆಯವನು ಊರಿಗೆ ಹೋಗಿದ್ದಾನೆ’ ಅನ್ನುವುದು, ಒಂದು ಇಡೀ ವರ್ಷ ಹೀಗೇ ಹೋಯಿತು. ಸುಳ್ಳು ಹೇಳುವುದೂ ಒಂದು ದುಡಿಮೆ ಮಾರಾಯ್ರೆ, ಸುಲಭ ಅಲ್ಲ.

ಅಮ್ಮ ಅಷ್ಟೂ ಕಷ್ಟಪಡಲಿಲ್ಲ. ಅವಳು ಬಾರನ್ನು ‘ಅದು’ ಅನ್ನುತ್ತಿದ್ದಳು. ‘ಯಜಮಾನರು ಅದಕ್ಕೆ ಹೋಗಿದ್ದಾರೆ.’ ‘ಅದು ಇವತ್ತು ಬೇಗ ಬಂದ್.’ ಅವಳು ಒಂದು ದಿನವೂ ಅದರ ಮೆಟ್ಟಿಲು ಹತ್ತಿದವಳಲ್ಲ. ಅಪ್ಪ ಮನೆಗೆ ಬಂದರೆ ಸೀದಾ ಬಚ್ಚಲಿಗೆ. ಸ್ನಾನ ಆಗದೆ ಸೋಫಾ ಮುಟ್ಟುವ ಹಾಗಿಲ್ಲ, ಮಕ್ಕಳನ್ನೂ ಮುಟ್ಟುವ ಹಾಗಿಲ್ಲ. ಶನಿವಾರ ಸಂಜೆ ನಮ್ಮ ಊರಿನವರ ಭಜನಾ ಮಂಡಳಿ ಉಂಟು, ಅಲ್ಲಿ ತಾಳ ಹಾಕುವವಳು ಅಮ್ಮ. ‘ನಿಮ್ಮ ಯಜಮಾನರು ಎಂತ ಮಾಡ್ತಾರೆ?’ ಎಂದು ಯಾರಾದರೂ ಕೇಳಿದರೆ ‘ಹೋಟೆಲ್’ ಎಂದು ಹೇಳಿ ಕೂಡಲೇ ಮುಂದಿನ ಭಜನೆ ಎತ್ತಿಬಿಡುತ್ತಿದ್ದಳು.

ಆದರೆ ನಮ್ಮ ಮನೆಯ ಪಂಚಾಂಗ ನಡೆಯುತ್ತಿದ್ದದ್ದು ‘ಅದ’ರ ಲೆಕ್ಕದಲ್ಲೇ. ಸರಕಾರ ಮದ್ಯ ಮಾರಬಾರದು ಅನ್ನುವ ಡ್ರೈ ಡೇ ಮಾತ್ರ ಅಪ್ಪನಿಗೆ ರಜೆ. ಹಾಗಾಗಿ ಹೊಸ ವರ್ಷದ ಕ್ಯಾಲೆಂಡರ್ ಬಂದ ಕೂಡಲೇ ಅಪ್ಪ ಮೊದಲು ಡ್ರೈ ಡೇಗಳಿಗೆ ಸುತ್ತು ಹಾಕುತ್ತಿದ್ದರು. ನಮ್ಮ ಹುಟ್ಟುಹಬ್ಬ ಗಾಂಧಿ ಜಯಂತಿಗೆ, ಟಿಟ್ವಾಳಾದ ಗಣಪತಿಗೆ ಹೋಗುವುದು ಗಣರಾಜ್ಯ ದಿನಕ್ಕೆ. ನನ್ನ ಮದುವೆಗೆ ಭಟ್ಟರು ಮೂರು ಮುಹೂರ್ತ ಕೊಟ್ಟರೆ ಅಪ್ಪ ಮುನ್ಸಿಪಾಲಿಟಿಯ ಮತದಾನದ ದಿನವನ್ನೇ ಆರಿಸಿದರು. ಬಂದವರೆಲ್ಲರ ಬೆರಳಿನ ಮೇಲೆ ಶಾಯಿ. ಅಕ್ಷತೆ ಹಾಕುವಾಗ ನೋಡಿದರೆ ಎಲ್ಲರೂ ನನಗೇ ವೋಟು ಹಾಕಿ ಬಂದ ಹಾಗೆ ಇತ್ತು.

ಅಪ್ಪನಿಗೆ ಒಂದು ಗಾದೆ ಮೆಚ್ಚು: ‘ಆಳಾಗಿ ದುಡಿ, ಅರಸಾಗಿ ಉಣ್ಣು.’ ಹದಿನಾರನೇ ವಯಸ್ಸಿನಲ್ಲಿ ಊರು ಬಿಟ್ಟು ಕಲ್ಯಾಣದ ಒಂದು ಬಾರಿನಲ್ಲಿ ಟೇಬಲ್ ಒರೆಸಿದವರು, ಅಲ್ಲೇ ವೇಟರಾಗಿ, ಮ್ಯಾನೇಜರಾಗಿ, ಆಮೇಲೆ ಸ್ವಂತದ್ದು ಮಾಡಿದವರು. ಆಳಾಗಿದ್ದದ್ದು ಕಲ್ಯಾಣದಲ್ಲಿ, ಅರಸಾದದ್ದು ಡೊಂಬಿವಲಿಯಲ್ಲಿ ಎಂದು ನಾವು ತಿಳಿದಿದ್ದೆವು. ಅವರ ಗತ್ತೂ ಹಾಗೇ ಇತ್ತು. ನೀರು ಕೇಳಿದರೂ ಆರ್ಡರ್ ಕೊಟ್ಟ ಹಾಗೆ.

ಹೋದ ವರ್ಷ ಈ ಅರಸರು ಸ್ಟೂಲಿನಿಂದ ಬಿದ್ದರು. ಬಾರಿನ ಗಲ್ಲಾದ ಮೇಲೆ ಗಣಪತಿಯ ಪಟ ಉಂಟು. ಅದಕ್ಕೆ ದಿನಾ ಒಂದು ಉದ್ದದ ಚೆಂಡುಹೂವಿನ ಮಾಲೆ. ಹನ್ನೆರಡು ಮಂದಿ ಕೆಲಸದವರಿದ್ದರೂ ಆ ಮಾಲೆ ಮಾತ್ರ ಅಪ್ಪನೇ ಹಾಕಬೇಕು, ಬೇರೆ ಯಾರೂ ಮುಟ್ಟಬಾರದು. ಎಂಥಾ ಭಕ್ತಿ ಅಂತ ಅಮ್ಮ ಕೈ ಮುಗಿಯುತ್ತಿದ್ದಳು. ಆ ಭಕ್ತಿಯ ಕೆಲಸದಲ್ಲೇ ಕಾಲು ಜಾರಿ ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯಿತು, ಮೂರು ತಿಂಗಳು ಮಂಚ ಬಿಡಬೇಡಿ ಎಂದರು ಡಾಕ್ಟರು.

ಅದು ಮಾರ್ಚ್ ತಿಂಗಳು, ಲೈಸೆನ್ಸ್ ರಿನ್ಯೂ ಆಗುವ ಸಮಯ. ನನ್ನ ತಮ್ಮ ಐರೋಳಿಯ ಕಂಪನಿಯಲ್ಲಿ ಕೆಲಸ ಮಾಡುವವ, ರಜೆ ಹಾಕಿ ಬಂದು ಕಪಾಟಿನಿಂದ ಫೈಲ್ ತೆಗೆದ. ಅಪ್ಪ ಮಲಗಿದ್ದಲ್ಲಿಂದಲೇ ‘ಅದನ್ನು ಮುಟ್ಟಬೇಡ, ನಾನೇ ನೋಡ್ತೇನೆ’ ಎಂದು ಕೂಗಿದರು. ಏಳಲಿಕ್ಕಾಗದ ಮನುಷ್ಯ ಎಂತ ನೋಡುವುದು? ತಮ್ಮನಿಗೆ ಮರಾಠಿ ಮಾತಾಡಲಿಕ್ಕೆ ಬರುತ್ತದೆ, ಸರಕಾರಿ ಮರಾಠಿ ಓದಲಿಕ್ಕೆ ಬರುವುದಿಲ್ಲ. ನಾನು ಥಾಣೆ ಶಹರದ ಆಫೀಸಿನಲ್ಲಿ ದಿನಾ ಅದನ್ನೇ ಓದುವವಳು. ಹಾಗಾಗಿ ಊಟದ ಮೇಜಿನ ಹತ್ತಿರ ನಿಂತು ನಾನೇ ಗಟ್ಟಿಯಾಗಿ ಓದಿದೆ. ‘ಪರವಾನಾಧಾರಕ...’ ಅಂದರೆ ಲೈಸೆನ್ಸಿನ ಮಾಲಕ. ಮುಂದೆ ಇದ್ದದ್ದು ಅಮ್ಮನ ಹೆಸರು. ತಪ್ಪಿರಬೇಕು ಎಂದು ಮುಂದಿನ ಕಾಗದ ತೆಗೆದೆ. ಅದರ ತಲೆಯ ಮೇಲೆ ದಪ್ಪಕ್ಷರದಲ್ಲಿ ‘ನೌಕರನಾಮಾ’ ಎಂದಿತ್ತು. ಮಾಲಕನ ಬದಲು ಬಾರಿನಲ್ಲಿ ಕೂತು ಮಾರಲಿಕ್ಕೆ ಯಾವ ನೌಕರನಿಗೆ ಅನುಮತಿ ಉಂಟು ಎಂದು ಸರಕಾರ ಕೊಡುವ ಚೀಟಿ ಅದು. ಮೂಲೆಯಲ್ಲಿ ಅಂಟಿಸಿದ ಫೋಟೋ, ಕಪ್ಪು ಮೀಸೆ, ಬಾಚಿದ ಕೂದಲು. ನಮ್ಮ ಅಪ್ಪ.

ಅಮ್ಮ ಒಲೆಯ ಮುಂದೆ ದೋಸೆ ಹೊಯ್ಯುತ್ತಿದ್ದಳು. ಸೌಟು ಹಿಡಿದೇ ಬಂದಳು.

‘ಇನ್ನೊಮ್ಮೆ ಓದು.’

ಓದಿದೆ.

‘ನೌಕರ ಅಂದರೆ ನಮ್ಮ ಕನ್ನಡದ ನೌಕರನೇ ಅಲ್ಲವಾ?’

‘ಅದೇ ಅಮ್ಮ.’

‘ಯಾರ ನೌಕರ?’

‘ನಿನ್ನ.’

ದೋಸೆ ಕರಟಿ ಹೊಗೆ ಬಂತು. ಯಾರೂ ಹೋಗಲಿಲ್ಲ. ಅಮ್ಮ ಫೈಲಿನ ಹಳೆಯ ಕಾಗದಗಳನ್ನು ಒಂದೊಂದಾಗಿ ತಿರುವಿದಳು. ಪ್ರತಿ ವರ್ಷದ ಕಾಗದದಲ್ಲೂ ಅವಳದೇ ಕನ್ನಡದ ಸಹಿ, ಸಹಿಯ ಪಕ್ಕದಲ್ಲಿ ದೋಸೆ ಹಿಟ್ಟಿನ ಬೆರಳಚ್ಚು. ಆಗ ನನಗೂ ನೆನಪಾಯಿತು. ಪ್ರತಿ ಮಾರ್ಚಿನಲ್ಲಿ ಬೆಳಿಗ್ಗೆ ಗಡಿಬಿಡಿಯ ಹೊತ್ತಿಗೇ ಅಪ್ಪ ಕಾಗದ ಮಡಚಿ ಹಿಡಿದು ಬರುವುದು, ‘ಇಲ್ಲೊಂದು ಸೈ ಹಾಕು’ ಅನ್ನುವುದು, ಅಮ್ಮ ಸೆರಗಿಗೆ ಕೈ ಒರೆಸಿ ಗೀಚುವುದು. ಎಂತದ್ದು ಎಂದು ಅವಳು ಕೇಳಿದವಳಲ್ಲ. ನಾನೂ ಓದು ಕಲಿತ ಮಗಳು, ಒಮ್ಮೆಯೂ ಬಗ್ಗಿ ನೋಡಿದವಳಲ್ಲ.

ನನ್ನ ಮಗಳು ಕನ್ನಡದಲ್ಲಿ ಕೇಳಿ ಹಿಂದಿಯಲ್ಲಿ ಉತ್ತರ ಕೊಡುವ ಜಾತಿ. ‘ಮತಲಬ್ ಅಜ್ಜಿ ಬಾಸ್ ಹೈ?’ ಅಂದಳು.

ಅಮ್ಮ ಸೌಟು ಹಿಡಿದುಕೊಂಡೇ ಅಪ್ಪನ ಕೋಣೆಗೆ ಹೋದಳು. ಅಪ್ಪ ಕಣ್ಣು ಮುಚ್ಚಿ ನಿದ್ದೆ ಬಂದವರ ಹಾಗೆ ಬಿದ್ದುಕೊಂಡಿದ್ದರು. ‘ನಾಟಕ ಸಾಕು’ ಅಂದಳು ಅಮ್ಮ. ಆಗ ಕಣ್ಣು ಬಿಟ್ಟು ಕಥೆ ಹೇಳಿದರು. ಸ್ವಂತ ಬಾರ್ ಮಾಡುವಾಗ ಅವರು ಇನ್ನೂ ಕಲ್ಯಾಣದ ಸೇಠನ ಹತ್ತಿರ ಕೆಲಸಕ್ಕಿದ್ದರು. ಸೇಠನಿಗೆ ಗೊತ್ತಾದರೆ ಕೆಲಸವೂ ಹೋಗುತ್ತದೆ, ಬಾರೂ ಆಗುವುದಿಲ್ಲ. ಅದಕ್ಕೇ ಹೆಂಡತಿಯ ಹೆಸರಲ್ಲಿ ಮಾಡಿಸಿದ್ದು. ಆಮೇಲೆ ಹೆಸರು ಬದಲಿಸಲಿಕ್ಕೆ ಫೀಸು ವಿಪರೀತ, ಹಾಗೇ ಉಳಿಯಿತು.

‘ಯಾರಿಗೂ ಗೊತ್ತಾಗಬಾರದಿತ್ತು’ ಅಂದರು ಅಪ್ಪ.

‘ಹೆಂಡತಿಗೂ?’

ಅಪ್ಪ ಫ್ಯಾನಿನ ಕಡೆ ನೋಡುತ್ತಾ ಹೇಳಿದರು: ‘ಅಷ್ಟು ವರ್ಷ ಆ ಸೇಠ ಹೆಸರು ಹಿಡಿದು ಕರೆಯಲಿಲ್ಲ ನನ್ನನ್ನು. ಏ ನೌಕರ್ ಅನ್ನುತ್ತಿದ್ದ. ಅದು ತಪ್ಪಿತು ಅಂದುಕೊಂಡು ಬಂದರೆ ನನ್ನದೇ ಬಾರಿನ ಕಾಗದದಲ್ಲಿ ನಾನೇ ಅದನ್ನು ಬರೆಯಬೇಕಾಯಿತು. ನಿನಗೆ ಹೇಗೆ ಹೇಳುವುದು?’

ಹೇಳುವಾಗ ಅವರ ಸ್ವರ ಸಣ್ಣ ಆಗಿತ್ತು. ನನಗೆ ಪಾಪ ಅನ್ನಿಸಿತು. ಅಮ್ಮನಿಗೂ ಅನ್ನಿಸಿರಬೇಕು, ಆದರೆ ಅವಳು ಅಷ್ಟು ಸುಲಭದಲ್ಲಿ ಬಿಡುವ ಹೆಂಗಸಲ್ಲ. ‘ಅದೆಲ್ಲ ಇರಲಿ. ಮಾಲಕಿಯ ಪರ್ಮಿಷನ್ ಇಲ್ಲದೆ ನೌಕರ ಸೊಂಟ ಮುರಿದುಕೊಂಡದ್ದು ಹೇಗೆ?’ ಅಂದಳು. ಅಲ್ಲಿಂದ ಶುರು ನೋಡಿ. ಕಾಫಿ ಕೊಡುವಾಗ ‘ನೌಕರರೇ, ಸಕ್ಕರೆ ಸಾಕಾ?’ ಮಾತ್ರೆ ಕೊಡುವಾಗ ‘ನೌಕರರ ಮಾತ್ರೆಯ ಹೊತ್ತಾಯಿತು.’ ಅಪ್ಪ ಹಲ್ಲು ಕಡಿಯುವುದು, ಮಕ್ಕಳು ಬಿದ್ದು ಬಿದ್ದು ನಗುವುದು. ಸೊಂಟ ಮುರಿದವನಿಗೆ ಓಡಿಹೋಗಲಿಕ್ಕೂ ಆಗುವುದಿಲ್ಲವಲ್ಲ.

ಆದರೆ ತಮಾಷೆಯ ಹಿಂದೆಯೇ ತಾಪತ್ರಯವೂ ಬಂತು. ನೌಕರನಾಮಾ ಇದ್ದದ್ದು ಅಪ್ಪನ ಹೆಸರಲ್ಲಿ ಮಾತ್ರ. ಅವರು ಮಂಚ ಹಿಡಿದಿದ್ದಾರೆ. ಹೊಸಬರ ಹೆಸರು ಹಾಕಿಸಲಿಕ್ಕೆ ಸಮಯ ಬೇಕು. ಅಲ್ಲಿಯ ತನಕ ಗಲ್ಲಾದಲ್ಲಿ ಮಾಲಕಿಯೇ ಕೂರಬೇಕು, ಇಲ್ಲದಿದ್ದರೆ ಬಾರಿಗೆ ಬೀಗ. ಅಮ್ಮ ಎರಡು ದಿನ ದೇವರ ಕೋಣೆಯಲ್ಲಿ ಕೂತಳು. ಮೂರನೇ ದಿನ ಭಜನೆಗೆ ಉಡುವ ಸೀರೆ ಉಟ್ಟು ರಿಕ್ಷಾ ಹತ್ತಿದಳು. ಜೊತೆಗೆ ನಾನು.

ಒಳಗೆ ಹೋಗಿ ಅವಳು ಮೊದಲು ನೋಡಿದ್ದು ಗಣಪತಿಯನ್ನು. ಮಾಲೆ ಹಾಕುವವರಿಲ್ಲದೆ ಹಳೆಯ ಹೂವೆಲ್ಲ ಉದುರಿಹೋಗಿತ್ತು. ಪಟದ ಕೆಳಗೆ ಇನ್ನೊಂದು ಫ್ರೇಮ್. ಲೈಸೆನ್ಸನ್ನು ಎಲ್ಲರಿಗೂ ಕಾಣುವ ಹಾಗೆ ಗೋಡೆಗೆ ಹಾಕಬೇಕು ಎಂದು ಕಾನೂನು. ಅಪ್ಪ ಹಾಕಿದ್ದರು. ಅದರಲ್ಲಿ ಅಮ್ಮನ ಹೆಸರಿದ್ದ ಸಾಲಿನ ಮೇಲೆ ಮಾತ್ರ, ಸರಿಯಾಗಿ ಮಾಲೆ ತೂಗುವ ಜಾಗದಲ್ಲಿ, ಚೆಂಡುಹೂವಿನ ಹಳದಿ ಕಲೆ. ‘ಕಳ್ಳ ಭಕ್ತ’ ಅಂದಳು ಅಮ್ಮ. ಮತ್ತೆ ಗಲ್ಲಾದ ಕುರ್ಚಿಯನ್ನು ಸೆರಗಿನಿಂದ ಒರೆಸಿ ಕೂತಳು.

ಮಧ್ಯಾಹ್ನದ ಗಿರಾಕಿಗಳು ಹೆಚ್ಚಿನವರು ರಿಟೈರಾದ ರೈಲ್ವೆಯವರು. ಗಲ್ಲಾದಲ್ಲಿ ಕುಂಕುಮ ಇಟ್ಟ ಹೆಂಗಸನ್ನು ಕಂಡು ಒಬ್ಬ ಬಾಗಿಲಲ್ಲೇ ಚಪ್ಪಲಿ ಬಿಟ್ಟ. ಇನ್ನೊಬ್ಬ ಕಾಲಿಗೆ ಬೀಳುವುದೊಂದು ಬಾಕಿ. ಅಮ್ಮನಿಗೆ ಅವರನ್ನು ಏನೆಂದು ಮಾತಾಡಿಸುವುದು ಗೊತ್ತಾಗಲಿಲ್ಲ, ಮನೆಗೆ ಬಂದವರನ್ನು ಕೇಳುವ ಹಾಗೆ ‘ಜೇವಣ್ ಝಾಲಂ ಕಾ?’ ಅಂದಳು. ಊಟ ಆಗಿಲ್ಲ ಅಂದವನಿಗೆ ಮೊದಲು ಊಟ. ಎರಡನೆಯ ಗ್ಲಾಸ್ ಕೇಳಿದವನಿಗೆ ‘ಮನೆಯಲ್ಲಿ ಯಾರೂ ಇಲ್ಲವಾ?’ ಎಂದು ಕೇಳಿದಳು. ಅವನು ಬಿಲ್ಲು ಕೊಟ್ಟು ಎದ್ದ. ವೇಟರುಗಳು ತಲೆ ಮೇಲೆ ಕೈ ಹೊತ್ತರು. ಕುಡಿಯುವುದು ಕಮ್ಮಿಯಾಯಿತು, ಊಟ ಮಾತ್ರ ಜೋರಾಯಿತು. ಇನ್ನೊಂದು ತಿಂಗಳು ಬಿಟ್ಟಿದ್ದರೆ ನನ್ನ ಟೀಚರಿಗೆ ಇಡ್ಲಿಯೂ ಸಿಗುತ್ತಿತ್ತು.

ಒಂದು ದಿನ ಭಿವಂಡಿಯ ಗೋದಾಮಿನಿಂದ ಮಾಲಿನ ಟೆಂಪೋ ಬಂತು. ನಮ್ಮ ಕಡೆಯ ಬಾರುಗಳಿಗೆಲ್ಲ ಮಾಲು ಬರುವುದು ಒಬ್ಬ ಹೋಲ್‌ಸೇಲ್ ಸೇಠನ ಹತ್ತಿರದಿಂದ. ಬಿಯರ್ ಬೇಕಾದರೆ ಅದರ ಜೊತೆ ಯಾರೂ ಮೂಸದ ಒಂದು ಹೊಸ ಬ್ರಾಂಡಿಯ ಎರಡು ಪೆಟ್ಟಿಗೆಯೂ ತಗೊಳ್ಳಬೇಕು, ಅದು ಅವನ ಪದ್ಧತಿ. ಅಪ್ಪ ಮೂವತ್ತು ವರ್ಷ ಬಾಯಿ ಮುಚ್ಚಿ ತಗೊಂಡಿದ್ದರು. ಹಿಂದಿನ ಕೋಣೆಯಲ್ಲಿ ಅಂಥ ಪೆಟ್ಟಿಗೆಗಳ ಗುಡ್ಡೆಯೇ ಇತ್ತು. ಅಮ್ಮ ಟೆಂಪೋದವನನ್ನು ಕೇಳಿದಳು: ‘ಇದನ್ನು ಯಾರು ಕೇಳಿದ್ದು? ಬಸಳೆ ಕೇಳಿದರೆ ಕೊಳೆತ ಸೌತೆ ಕಟ್ಟುವ ಬುದ್ಧಿ ನನ್ನ ಹತ್ತಿರ ಬೇಡ.’ ಎರಡು ಪೆಟ್ಟಿಗೆ ವಾಪಸ್ ಹೋಯಿತು. ಹಿಂದಿನ ಕೋಣೆಯ ಗುಡ್ಡೆಯೂ ಅದೇ ಟೆಂಪೋದಲ್ಲಿ ಹೋಯಿತು.

ಮಾರನೇ ದಿನ ಹೋಲ್‌ಸೇಲ್ ಸೇಠನೇ ಕಾರಿನಲ್ಲಿ ಬಂದ, ಮಿಠಾಯಿ ಡಬ್ಬಿ ಹಿಡಿದು, ಸೀದಾ ಮನೆಗೆ. ಜಗಳಕ್ಕೆ ಬಂದದ್ದಲ್ಲ, ಬಾರ್ ಕೇಳಲಿಕ್ಕೆ ಬಂದದ್ದು. ಥಾಣೆಯ ನಾಕಾದಿಂದ ಕಲ್ಯಾಣದ ಆಚೆಯ ತನಕ ಒಂದೊಂದೇ ಬಾರ್ ಕೊಳ್ಳುತ್ತಾ ಬಂದಿದ್ದಾನಂತೆ. ಒಂದು ಹೆಂಡತಿಯ ಹೆಸರಲ್ಲಿ, ಒಂದು ಭಾವನ ಹೆಸರಲ್ಲಿ, ಒಂದು ಮನೆಯ ಅಡಿಗೆಯವನ ಹೆಸರಲ್ಲಿ. ಮಾಲು ಕಳಿಸುವವನೂ ಅವನೇ, ಇಳಿಸಿಕೊಳ್ಳುವವನೂ ಅವನೇ. ಅವನು ಹೇಳಿದ ಬೆಲೆ ಕೇಳಿ ತಮ್ಮ ನೀರು ಕುಡಿದ. ನಾನು ಮನಸ್ಸಿನಲ್ಲೇ ಅಪ್ಪ ಅಮ್ಮನಿಗೆ ಲಿಫ್ಟ್ ಇರುವ ಫ್ಲ್ಯಾಟ್ ನೋಡಿದೆ. ಸತ್ಯ ಹೇಳಬೇಕೆಂದರೆ ಅದಕ್ಕಿಂತ ಮೊದಲು ನೋಡಿದ್ದು, ಇನ್ನು ಯಾರಿಗೂ ‘ಹೋಟೆಲ್’ ಅನ್ನಬೇಕಾಗಿಲ್ಲ ಎಂಬುದನ್ನು.

ಎಲ್ಲರಿಗೂ ಗೊತ್ತಿತ್ತು, ಅಮ್ಮ ಸೈ ಹಾಕುತ್ತಾಳೆ ಅಂತ. ‘ಅದು’ ತೊಲಗಲಿ ಎಂದು ಮೂವತ್ತು ವರ್ಷ ದೇವರಿಗೆ ತುಪ್ಪದ ದೀಪ ಹಚ್ಚಿದವಳು. ಅಪ್ಪನನ್ನು ಮಾತ್ರ ಯಾರೂ ಕೇಳಲಿಲ್ಲ. ತಮ್ಮ ಲೆಕ್ಕ ವಿವರಿಸುವಾಗ ಅವರು ಗೋಡೆಯ ಕಡೆ ತಿರುಗಿ ಮಲಗಿದರು. ‘ಅಪ್ಪ, ನೀವು ಎಂತ ಹೇಳ್ತೀರಿ?’ ಎಂದು ನಾನು ಕೊನೆಗೆ ಶಾಸ್ತ್ರಕ್ಕೆ ಕೇಳಿದೆ. ‘ನಾನು ಎಂತ ಹೇಳುವುದು? ನೌಕರನ ಮಾತು ಯಾರು ಕೇಳ್ತಾರೆ?’ ಅಂದರು. ಆ ದಿನ ಅವರು ಊಟ ಮಾಡಲಿಲ್ಲ. ಅಮ್ಮನೂ ಅವರನ್ನು ನೌಕರ ಎಂದು ಕರೆಯುವುದನ್ನು ಆ ದಿನದಿಂದ ನಿಲ್ಲಿಸಿದಳು.

ಮಾರಾಟಕ್ಕೆ ಥಾಣೆಯ ಅಬಕಾರಿ ಕಚೇರಿಯಲ್ಲಿ ಮಾಲಕಿ ಖುದ್ದಾಗಿ ಬಂದು ಹೇಳಿಕೆ ಕೊಡಬೇಕಿತ್ತು. ಅಪ್ಪ ವಾಕರ್ ಹಿಡಿದು ‘ನಾನೂ ಬರ್ತೇನೆ’ ಎಂದು ಹಟ ಹಿಡಿದರು. ನಾಲ್ಕು ಜನ ಟ್ಯಾಕ್ಸಿಯಲ್ಲಿ ಹೋದೆವು. ಕಚೇರಿಯಲ್ಲಿ ಸೇಠ ಮೊದಲೇ ಕಾಗದ ಜೋಡಿಸಿಕೊಂಡು ಕೂತಿದ್ದ.

ಅಧಿಕಾರಿ ಒಳ್ಳೆಯ ಮನುಷ್ಯ, ಅಮ್ಮನಿಗೆ ಕುರ್ಚಿ ಕೊಡಿಸಿದ. ಹೆಸರು, ವಿಳಾಸ ಎಲ್ಲ ಕೇಳಿ ಬರೆದುಕೊಂಡ. ಮತ್ತೆ ವಾಕರ್ ಹಿಡಿದು ನಿಂತ ಅಪ್ಪನನ್ನು ತೋರಿಸಿ ‘ಇವರು ಯಾರು?’ ಅಂದ.

ಅಮ್ಮ ಅಭ್ಯಾಸಬಲದಲ್ಲಿ, ಎದುರುಮನೆ ಅಜ್ಜಿ ಕಲಿಸಿದ ಮರಾಠಿಯಲ್ಲಿ, ‘ಆಮಚೇ ಮಾಲಕ’ ಅಂದಳು.

ಪೆನ್ನು ನಿಂತಿತು. ‘ಬಾಯೀ, ಮಾಲಕ ಇವರಾ? ಹಾಗಾದರೆ ನೀವು ಯಾರು?’

ಸೇಠನ ಮುಖ ಸುಣ್ಣ ಬಳಿದ ಹಾಗಾಯಿತು. ಬಾರಿಗೆ ಬೇರೆ ಮಾಲಕ ಇದ್ದಾನೆ ಎಂದು ಹೇಳಿಕೆಯಲ್ಲಿ ಬಂದರೆ ವ್ಯಾಪಾರವೂ ಇಲ್ಲ, ಲೈಸೆನ್ಸೂ ಇಲ್ಲ. ‘ಹಸ್ಬೆಂಡ್, ಸಾಹೇಬ್, ಹಸ್ಬೆಂಡ್!’ ಎಂದು ಅವನು ಕೂಗಿದ. ನಾನು ‘ಗಂಡ ಅನ್ನುವ ಅರ್ಥದಲ್ಲಿ ಮಾಲಕ’ ಅಂದೆ. ತಮ್ಮ ‘ಕಾಗದದಲ್ಲಿ ನೌಕರ’ ಅಂದ. ಪಕ್ಕದ ಮೇಜಿನ ಗುಮಾಸ್ತರೆಲ್ಲ ಕೆಲಸ ಬಿಟ್ಟು ನಮ್ಮ ಸುತ್ತ ನಿಂತರು. ಅಯ್ಯೋ ದೇವರೇ, ಮರ್ಯಾದೆ ಮೂರು ಕಾಸಿಗೆ ಹೋಯಿತು.

‘ಒಂದೇ ಮಾತು ಹೇಳಿ’ ಅಂದ ಅಧಿಕಾರಿ, ನಗು ತಡೆದುಕೊಂಡು. ‘ಮಾಲಕನೋ, ನೌಕರನೋ?’

‘ಮನೆಯಲ್ಲಿ ಮಾಲಕ. ನಿಮ್ಮ ಕಾಗದದಲ್ಲಿ ನೌಕರ’ ಅಂದಳು ಅಮ್ಮ.

ಅವನು ಬರೆದುಕೊಂಡ. ‘ಸರಿ. ನೀವು ನಿಮ್ಮ ಸ್ವಂತ ಇಷ್ಟದಿಂದ ಮಾರುತ್ತಿದ್ದೀರಿ ಅಲ್ಲವಾ? ಇಲ್ಲಿ ಸಹಿ ಮಾಡಿ.’

ಅಮ್ಮ ಪೆನ್ನು ತೆಗೆದುಕೊಂಡಳು. ಸೆರಗಿಗೆ ಕೈ ಒರೆಸಿದಳು, ಕೈಯಲ್ಲಿ ಹಿಟ್ಟಿಲ್ಲದಿದ್ದರೂ. ಕಾಗದದ ಮೇಲೆ ಪೆನ್ನು ಇಟ್ಟು, ತಲೆ ಎತ್ತಿ ಅಪ್ಪನನ್ನು ನೋಡಿದಳು. ಅಪ್ಪ ವಾಕರಿನ ಕಾಲಿನ ರಬ್ಬರ್ ನೋಡುತ್ತಿದ್ದರು.

‘ಇವರನ್ನು ಒಂದು ಮಾತು ಕೇಳಬೇಕು’ ಅಂದಳು.

‘ನೌಕರನ ಒಪ್ಪಿಗೆ ಬೇಕಾಗಿಲ್ಲ ಬಾಯೀ.’

‘ನಿಮಗೆ ಬೇಡ. ನನಗೆ ಬೇಕು.’ ಆಮೇಲೆ ನಮ್ಮ ಕಡೆ ತಿರುಗಿ ಕನ್ನಡದಲ್ಲಿ, ‘ನನ್ನನ್ನು ಕೇಳದೆ ಮೂವತ್ತು ವರ್ಷ ಸೈ ತಗೊಂಡರು. ಹೇಗೆ ಆಗ್ತದೆ ಅಂತ ನನಗೆ ಗೊತ್ತುಂಟು. ಅವರಿಗೆ ನಾನು ಹಾಗೆ ಮಾಡುವುದಿಲ್ಲ’ ಅಂದಳು. ಮತ್ತೆ ಅಪ್ಪನಿಗೆ: ‘ಹೇಳಿ. ಮಾರುವುದಾ?’

ಅಪ್ಪ ರಬ್ಬರಿನಿಂದ ಕಣ್ಣು ಎತ್ತಿದರು. ‘ಬೇಡ’ ಅಂದರು. ಮತ್ತೆ ಅಷ್ಟು ಜನರ ಎದುರು ಚಿಕ್ಕ ಮಗುವಿನ ಹಾಗೆ ಅತ್ತುಬಿಟ್ಟರು. ನನಗೆ ತಲೆ ಎತ್ತಲಾಗಲಿಲ್ಲ. ಲಿಫ್ಟ್ ಇರುವ ಫ್ಲ್ಯಾಟ್ ನೋಡಿದ ಮಗಳು ನಾನು.

ಅಮ್ಮ ಪೆನ್ನಿನ ಮುಚ್ಚಳ ಹಾಕಿ ಅಧಿಕಾರಿಯ ಕೈಗೆ ಕೊಟ್ಟಳು. ‘ನಮ್ಮ ನೌಕರ ಬೇಡ ಅಂತಾರೆ’ ಎಂದು ಅವಳ ಹರಕು ಮರಾಠಿಯಲ್ಲಿ ಹೇಳಿದಳು. ‘ಮೂವತ್ತು ವರ್ಷದ ಹಳೆಯ ಮನುಷ್ಯ. ಕೆಲಸದಿಂದ ತೆಗೆಯಲಿಕ್ಕೆ ನನಗೆ ಮನಸ್ಸಿಲ್ಲ.’

ಸೇಠ ಆಮೇಲೆ ಆರು ವಾರ ಬಿಯರ್ ಕಳಿಸಲಿಲ್ಲ. ಅಮ್ಮ ಬೇರೆ ಹೋಲ್‌ಸೇಲಿನವನನ್ನು ಹುಡುಕಿದಳು, ನವಿ ಮುಂಬಯಿಯವನು, ಜೊತೆಗೆ ಬ್ರಾಂಡಿ ಕಟ್ಟುವುದಿಲ್ಲ. ಅಪ್ಪ ಈಗ ಕೋಲು ಊರಿಕೊಂಡು ಬಾರಿಗೆ ಹೋಗುತ್ತಾರೆ. ಗಣಪತಿಗೆ ಮಾಲೆ ವೇಟರ್ ಹಾಕುತ್ತಾನೆ, ಗಿಡ್ಡ ಮಾಲೆ.

ಈ ಮಾರ್ಚಿನಲ್ಲಿ ದೋಸೆಯ ಹೊತ್ತಿಗೆ ಅಪ್ಪ ಮತ್ತೆ ಕಾಗದ ತಂದರು. ‘ಇಲ್ಲೊಂದು ಸೈ ಹಾಕು.’ ಅಮ್ಮ ಒಲೆ ಸಣ್ಣ ಮಾಡಿ ‘ಓದಿ’ ಅಂದಳು. ಅಪ್ಪ ಕನ್ನಡಕ ಹಾಕಿ ಪೂರ್ತಿ ಓದಿದರು, ಮಾಲಕಿಯ ಹೆಸರು, ನೌಕರನ ಹೆಸರು, ಎಲ್ಲ. ಆಮೇಲೆಯೇ ಸೈ ಬಿದ್ದದ್ದು.

ಹೋದ ಶನಿವಾರ ಭಜನೆಗೆ ಹೊಸದಾಗಿ ಬಂದವರೊಬ್ಬರು ಅಮ್ಮನನ್ನು ‘ನಿಮ್ಮ ಯಜಮಾನರು ಎಲ್ಲಿ ಕೆಲಸಕ್ಕಿರುವುದು?’ ಎಂದು ಕೇಳಿದರು. ನಾನು ಪಕ್ಕದಲ್ಲೇ ಇದ್ದೆ, ನನ್ನ ಬಾಯಿಯ ತುದಿಯಲ್ಲಿ ‘ಹೋಟೆಲ್’ ಬಂದಾಗಿತ್ತು. ಅಮ್ಮ ತಾಳ ಕೆಳಗಿಟ್ಟು, ‘ನನ್ನ ಬಾರಿನಲ್ಲಿ’ ಅಂದಳು.